ಧ್ರುವದ ಇರುಳಿನ ಮೋಡಕ್ಕೆ ಸಾಕ್ಷಿ ಯಾರು?

(ಕಳೆದ ಸಂಚಿಕೆಯ ಓಝೋನ್ ಲೇಖನ ಓದಿ ಮಂಡ್ಯದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಅಂಟಾರ್ಕ್ಟಿಕಾದ ಮೇಲೆ 20 ಕಿ.ಮೀ. ಎತ್ತರದ ಮೋಡಗಳನ್ನು ಉಪಗ್ರಹಗಳು ಗುರುತಿಸುತ್ತವೆ ಎಂದಿದ್ದೀರಿ. ಕೆಳಗೆ ಬಿಳಿ ಹಿಮ, ಸುತ್ತ ತಿಂಗಳುಗಟ್ಟಲೆ ಕತ್ತಲೆ. ಕಂಡವರು ಯಾರು? ಇದು ಲೆಕ್ಕಾಚಾರದ ಊಹೆಯಲ್ಲವೇ? ಮಕ್ಕಳು ಕೇಳಿದರೆ ಏನು ಹೇಳಲಿ?’)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಸಂಶಯ ನ್ಯಾಯವಾದದ್ದು. ನೇರ ಕೆಳಗೆ ನೋಡುವ ಕ್ಯಾಮೆರಾಕ್ಕೆ ಈ ಮೋಡಗಳು ಬಹುಮಟ್ಟಿಗೆ ಸಿಕ್ಕುವುದಿಲ್ಲ. ಅವು ತೀರಾ ತೆಳು. ಅಡಿಯಲ್ಲಿ ಸಾಮಾನ್ಯ ಮೋಡಗಳೂ ಹಿಮದ ಹಾಸೂ ಇರುತ್ತವೆ. ಹಾಗಾಗಿ ವಿಜ್ಞಾನಿಗಳು ಮೊದಲು ಬದಲಿಸಿದ್ದು ನೋಡುವ ಕೋನವನ್ನು. ಚಳಿಗಾಲದ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೇಲಿಂದ ಬುಡದ ರಸ್ತೆ ಕಾಣುತ್ತದೆ, ಅದೇ ಮಂಜಿನಲ್ಲಿ ಶ್ರೀರಂಗಪಟ್ಟಣದ ಕಡೆ ಕಣ್ಣು ಹಾಯಿಸಿದರೆ ಏನೂ ಕಾಣದು. ಅಡ್ಡಲಾಗಿ ನೋಡುವಾಗ ದೃಷ್ಟಿ ಮಂಜಿನೊಳಗೆ ಸಾಗುವ ದೂರ ಹೆಚ್ಚು. 1978ರಲ್ಲಿ ನಾಸಾ ಹಾರಿಸಿದ ನಿಂಬಸ್-7 ಉಪಗ್ರಹದ ಸ್ಯಾಮ್-2 ಉಪಕರಣ ಹೀಗೆಯೇ ನೋಡಿತು. ಭೂಮಿಯ ಅಂಚಿನಲ್ಲಿ ಸೂರ್ಯ ಮೂಡುವಾಗ, ಮುಳುಗುವಾಗ ವಾಯುಮಂಡಲವನ್ನು ಹಾದು ಬರುವ ಬೆಳಕು ಯಾವ ಎತ್ತರದಲ್ಲಿ ಎಷ್ಟು ಮಂಕಾಗುತ್ತದೆ ಎಂದು ಅಳೆಯಿತು. ಧ್ರುವದ ಚಳಿಗಾಲದಲ್ಲಿ, ಅತಿ ತಣ್ಣನೆಯ ಪದರಗಳಲ್ಲಿ, ಬೆಳಕು ಬಹಳವಾಗಿ ಮಂಕಾಯಿತು. ನಾಸಾದ ವಿಜ್ಞಾನಿ ಮೆಕಾರ್ಮಿಕ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 1982ರಲ್ಲಿ. ಓಝೋನ್ ರಂಧ್ರದ ವರದಿ ಬಂದದ್ದು 1985ರಲ್ಲಿ.

ಆದರೆ ಈ ವಿಧಾನಕ್ಕೆ ಸೂರ್ಯ ಬೇಕು. ಗಾಢ ಇರುಳಿನ ಭಾಗ ಅದರ ಕೈಗೆ ಎಟುಕದು. 2002ರಲ್ಲಿ ಯುರೋಪಿನ ಎನ್ವಿಸ್ಯಾಟ್ ಉಪಗ್ರಹದೊಡನೆ ಹೋದ ಮಿಪಾಸ್ ಉಪಕರಣ, ಮೋಡ ತಾನೇ ಹೊರಸೂಸುವ ಅವಕೆಂಪು ವಿಕಿರಣವನ್ನು ಓದಿತು. ನೈಟ್ರಿಕ್ ಆಮ್ಲ ಮತ್ತು ನೀರು ಸೇರಿದ ಹರಳುಗಳು 12.2 ಮೈಕ್ರೊಮೀಟರ್ ತರಂಗಾಂತರದ ಬಳಿ ತಮ್ಮದೇ ಗುರುತು ಬಿಡುತ್ತವೆ.

ನನಗೆ ಅತ್ಯಂತ ಮೆಚ್ಚಿಗೆಯಾದದ್ದು 2006ರಲ್ಲಿ ಹಾರಿದ ಕ್ಯಾಲಿಪ್ಸೊ ಉಪಗ್ರಹ. ಅದು ತನ್ನ ಬೆಳಕನ್ನು ತಾನೇ ಒಯ್ದಿತು. ಹಸಿರು ಲೇಸರ್ ಮಿಂಚನ್ನು ಕೆಳಗೆ ಬಿಟ್ಟು, ಮರಳಿ ಬರಲು ಹಿಡಿಯುವ ಸಮಯದಿಂದ ಎತ್ತರವನ್ನು ತಿಳಿಯಿತು. ಮರಳಿದ ಬೆಳಕಿನ ಕಂಪನದ ದಿಕ್ಕನ್ನೂ ಪರೀಕ್ಷಿಸಿತು: ದುಂಡನೆಯ ದ್ರವ ಹನಿಗಳು ಆ ದಿಕ್ಕನ್ನು ಕೆಡಿಸುವುದಿಲ್ಲ, ಕೋನಗಳುಳ್ಳ ಹರಳುಗಳು ಕೆಡಿಸುತ್ತವೆ.

ಊಹೆಯ ಪ್ರಶ್ನೆ ಎದುರಾಗುವುದು ಇಲ್ಲಿ. ಮರಳುವ ಸಂಕೇತ ಕ್ಷೀಣ, ಅದರಲ್ಲಿ ಗದ್ದಲವೂ ಬೆರೆತಿರುತ್ತದೆ. ಆದ್ದರಿಂದ ಮೋಡ ಹುಟ್ಟಲಾರದಷ್ಟು ಬೆಚ್ಚಗಿನ ಗಾಳಿಯಿಂದ ಎಷ್ಟು ಬೆಳಕು ಮರಳುತ್ತದೆ ಎಂದು ಮೊದಲು ಗೊತ್ತುಮಾಡಿಕೊಂಡು, ಅದನ್ನು ಸ್ಪಷ್ಟವಾಗಿ ಮೀರಿದ್ದನ್ನು ಮಾತ್ರ ಮೋಡವೆಂದು ಎಣಿಸುತ್ತಾರೆ. ಮೊದಲು ಉಪಗ್ರಹದ ಹಾದಿಯಲ್ಲಿ 5 ಕಿ.ಮೀ. ಉದ್ದದ ಅಳತೆಗಳ ಸರಾಸರಿ, ಅದರಲ್ಲಿ ಕಾಣದಿದ್ದರೆ 15, 45, ಕೊನೆಗೆ 135 ಕಿ.ಮೀ. ಸರಾಸರಿ ಹಿಗ್ಗಿದಷ್ಟೂ ತೆಳುವಾದ ಮೋಡ ಸಿಕ್ಕುತ್ತದೆ, ಅದರ ಅಂಚು ಮಸುಕಾಗುತ್ತದೆ. ಜ್ವಾಲಾಮುಖಿಯ ಗಂಧಕ ಸಮೋಷ್ಣ ಮಂಡಲಕ್ಕೆ (ಈ ಮೋಡಗಳಿರುವ ಎತ್ತರದ ಪದರ, ಸ್ಟ್ರಾಟೊಸ್ಫಿಯರ್) ಏರಿದ ವರ್ಷಗಳಲ್ಲಿ ಹಿನ್ನೆಲೆಯೇ ಹೊಳೆಯುವುದರಿಂದ ಕೆಲಸ ಇನ್ನೂ ಕಷ್ಟ.

ಮೋಡ ಇದೆ ಎಂಬುದನ್ನು ನಾನು ಅಳುಕಿಲ್ಲದೆ ಒಪ್ಪುತ್ತೇನೆ. ಕಾರಣ, ಬೇರೆ ಬಗೆಯ ಸಾಕ್ಷಿಯೂ ಇದೆ. 2004ರಲ್ಲಿ ಹಾರಿದ ಆರಾ ಉಪಗ್ರಹದ ಮೈಕ್ರೊವೇವ್ ಉಪಕರಣ ಅನಿಲರೂಪದ ನೈಟ್ರಿಕ್ ಆಮ್ಲವನ್ನು ಅಳೆಯುತ್ತದೆ. ಆ ಆಮ್ಲವನ್ನು ಹೀರಿಕೊಂಡ ಮೋಡಗಳು ಲೇಸರ್‌ಗೆ ಕಂಡಲ್ಲಿ ಅನಿಲ ಕಡಿಮೆಯಾಗಿರುತ್ತದೆ. ಒಂದು ಬೆಳಕನ್ನು ಎಣಿಸುತ್ತದೆ, ಇನ್ನೊಂದು ಅನಿಲವನ್ನು. ಆದರೆ ಮೋಡ ಯಾವ ಬಗೆಯದು ಎಂಬಲ್ಲಿ ಎಚ್ಚರ ಬೇಕು. ಸಾವಿರಾರು ಹನಿಗಳ ನಡುವೆ ಕೆಲವೇ ಹರಳುಗಳಿದ್ದರೆ ಲೇಸರ್‌ಗೆ ಅವು ತಪ್ಪಿಹೋಗಬಹುದು. ನೈಟ್ರಿಕ್ ಆಮ್ಲದ ಆ ಹರಳುಗಳು ಸುಮಾರು ಮೈನಸ್ 78 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಉಳಿಯಬಲ್ಲವು. ಶುದ್ಧ ಹಿಮದ ಮೋಡಕ್ಕೆ ಸುಮಾರು ಮೈನಸ್ 85 ಬೇಕು.

ಈ ಕೆಲವೇ ಹರಳುಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ? ಖಂಡಿತ ಬೇಕು. ಮೋಡದ ಕಣಗಳ ಮೈಮೇಲೆ ನಿರುಪದ್ರವಿ ಕ್ಲೋರಿನ್ ಸಂಯುಕ್ತಗಳು ಚುರುಕಾಗುತ್ತವೆ; ವಸಂತದ ಬಿಸಿಲು ಬಿದ್ದೊಡನೆ ಅವು ಓಝೋನನ್ನು ಕೆಡವುತ್ತವೆ. ದೊಡ್ಡ ಹರಳುಗಳು ನೈಟ್ರಿಕ್ ಆಮ್ಲವನ್ನು ಹೊತ್ತು ಕೆಳಗಿಳಿದರೆ, ಕ್ಲೋರಿನ್ನನ್ನು ಮತ್ತೆ ಕಟ್ಟಿಹಾಕುವ ಸಾರಜನಕ ಸಂಯುಕ್ತಗಳು ಮೇಲೆ ಉಳಿಯುವುದಿಲ್ಲ, ನಾಶ ಮುಂದುವರಿಯುತ್ತದೆ.

ಕ್ಯಾಲಿಪ್ಸೊ 2023ರ ಆಗಸ್ಟ್‌ನಲ್ಲಿ ಕೆಲಸ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ಹಾರಿದ ಅರ್ತ್‌ಕೇರ್ ಉಪಗ್ರಹದಲ್ಲಿ ಅತಿನೇರಳೆ ಲೇಸರ್ ಇದೆ. ಕ್ಯಾಲಿಪ್ಸೊದ ಅಳತೆಯ ಚಿತ್ರಗಳನ್ನು ನಾಸಾ ಎಲ್ಲರಿಗೂ ಮುಕ್ತವಾಗಿಟ್ಟಿದೆ. ಅಂಟಾರ್ಕ್ಟಿಕಾದ ಜುಲೈ ತಿಂಗಳ ಒಂದು ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸುತ್ತಿದ್ದೇವೆ. ಮಕ್ಕಳ ಮುಂದೆ ಹರಡಿ. ಎತ್ತರದ ಗೆರೆ ಎಡ ಅಂಚಿನಲ್ಲಿದೆ.

– ಸಂಪಾದಕ, ಮೈಸೂರು