ಇಎಸ್‌ಪಿ32 (ವೈಫೈ ಇರುವ ಪುಟ್ಟ ಮೈಕ್ರೋಕಂಟ್ರೋಲರ್) ಬೋರ್ಡನ್ನು ಕಂಪ್ಯೂಟರ್‌ಗೆ ಜೋಡಿಸಿದರೂ ಆರ್ಡುಯಿನೊ ಐಡಿಇಯಲ್ಲಿ (ಕೋಡ್ ಬರೆದು ಬೋರ್ಡ್‌ಗೆ ಕಳಿಸುವ ತಂತ್ರಾಂಶ) ಪೋರ್ಟ್ ಕಾಣುತ್ತಿಲ್ಲ, ಏನು ಮಾಡಲಿ?

ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗ್‌ಗೆಂದೇ ಮಾಡಿದ ಕೇಬಲ್‌ಗಳಲ್ಲಿ ಡೇಟಾ ತಂತಿಗಳಿರುವುದಿಲ್ಲ. ಬೋರ್ಡ್‌ನ ದೀಪ ಉರಿಯುತ್ತದೆ, ಪೋರ್ಟ್ ಮಾತ್ರ ಬರುವುದಿಲ್ಲ. ಎಷ್ಟೋ ಸಲ ತಕರಾರು ಇಲ್ಲೇ ಮುಗಿಯುತ್ತದೆ.

ಕೇಬಲ್ ಸರಿಯಿದ್ದರೆ, ಯುಎಸ್‌ಬಿ ಸಾಕೆಟ್ ಹತ್ತಿರದ, ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ ಚಿಪ್ ಮೇಲಿನ ಬರಹ ಓದಿ: ಸಾಮಾನ್ಯವಾಗಿ ಸಿಪಿ2102 ಅಥವಾ ಸಿಎಚ್340. ವಿಂಡೋಸ್‌ನಲ್ಲಿ ಅದಕ್ಕೆ ತಕ್ಕ ಡ್ರೈವರ್ ಹಾಕಿ. ಉಬುಂಟುವಿನಲ್ಲಿ ಡ್ರೈವರ್ ಮೊದಲೇ ಇರುತ್ತದೆ. ಆದರೆ ಉಬುಂಟು 22.04 ಆವೃತ್ತಿಯಲ್ಲಿ ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಪ್ಯಾಕೇಜ್, ಸಿಎಚ್340 ಅನ್ನು ತನ್ನದೇ ಸಾಧನವೆಂದು ತಿಳಿದು ಪೋರ್ಟ್ ಕಸಿದುಕೊಳ್ಳುತ್ತದೆ. ಬ್ರೈಲ್ ಸಾಧನ ಬಳಸದಿದ್ದರೆ ಅದನ್ನು ತೆಗೆದುಹಾಕಿ. 'ಪರ್ಮಿಷನ್ ಡಿನೈಡ್' ಎಂದರೆ ನಿಮ್ಮ ಯೂಸರ್ ಹೆಸರನ್ನು ಡಯಲ್‌ಔಟ್ ಗುಂಪಿಗೆ (ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಗುಂಪು) ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ.

ಪೋರ್ಟ್ ಬಂದ ಮೇಲೆ ಐಡಿಇಯ ಬೋರ್ಡ್ಸ್ ಮ್ಯಾನೇಜರ್‌ನಲ್ಲಿ ಚಿಪ್ ತಯಾರಕ ಎಸ್ಪ್ರೆಸಿಫ್‌ನ ಇಎಸ್‌ಪಿ32 ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, 'ಇಎಸ್‌ಪಿ32 ಡೆವ್ ಮಾಡ್ಯೂಲ್' ಆರಿಸಿ. ಅಪ್‌ಲೋಡ್ ವೇಳೆ 'ಕನೆಕ್ಟಿಂಗ್' ಎಂದು ಚುಕ್ಕೆಗಳು ಬರುತ್ತಲೇ ಇದ್ದರೆ, ಚಿಪ್‌ಗೆ ಕೋಡ್ ಬರೆಯುವುದು ಶುರುವಾಗುವವರೆಗೆ ಬೋರ್ಡ್‌ನ ಬೂಟ್ ಗುಂಡಿ ಒತ್ತಿ ಹಿಡಿಯಿರಿ. ಪ್ರತಿ ಸಲ ಒತ್ತಿ ಬೇಸರವಾದರೆ ಇಎನ್ (ರೀಸೆಟ್) ಮತ್ತು ಗ್ರೌಂಡ್ ಪಿನ್‌ಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ನೆಗೆಟಿವ್ ಕಾಲು ಗ್ರೌಂಡ್‌ಗೆ. ಬೋರ್ಡ್ ಕಳಿಸಿದ್ದನ್ನು ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ಚಿತ್ರವಿಚಿತ್ರ ಅಕ್ಷರ ಬಂದರೆ ಬಾಡ್ ರೇಟನ್ನು (ಡೇಟಾ ಹರಿಯುವ ವೇಗ) 115200ಕ್ಕೆ ಇಡಿ, ಕೋಡ್‌ನಲ್ಲೂ ಅದೇ ಸಂಖ್ಯೆ ಇರಲಿ.