ಸಮುದ್ರ ತೆಗೀಬೇಡಿ, ಚಿಕ್ಕದು ಮಾಡಿ

ಹೀರೋಸ್ 3 ಅನ್ನೋ ಕಂಪ್ಯೂಟರ್ ಆಟಕ್ಕೆ (ದಿನಕ್ಕೊಂದು ಸರದಿಯಂತೆ ಸೈನ್ಯ ನಡೆಸುವ ಆಟ) ಮಾಡುತ್ತಿರುವ ಮ್ಯಾಪ್‌ನಿಂದ ಸಮುದ್ರ ತೆಗೆದುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಆ ಆಟದಲ್ಲಿ ಹಡಗು ಹತ್ತಿದರೂ ಇಳಿದರೂ ಆ ದಿನದ ಓಡಾಟ ಅಲ್ಲಿಗೇ ಮುಗಿಯಿತು, ಅಂದ್ರೆ ದಡಕ್ಕೆ ಇಳಿದ ಸೈನ್ಯ ಮಾರನೇ ದಿನದವರೆಗೂ ಅಲ್ಲೇ ನಿಂತಿರಬೇಕು, ಎದುರಾಳಿ ಹತ್ತಿರ ಇದ್ದರೆ ಕಥೆ ಮುಗೀತು. ಮಜಾ ಇರುವುದೇ ಅಲ್ಲಿ. ಸಮುದ್ರ ಜಾಸ್ತಿ ದೊಡ್ಡದಾದರೆ ಮಾತ್ರ ಬೋರು, ಸುಮ್ನೆ ತೇಲುತ್ತಾ ಇರಬೇಕು.

ನಮ್ಮ ಮಂಡ್ಯ ಕಡೆಯ ಶ್ರೀರಂಗಪಟ್ಟಣವನ್ನೇ ನೋಡಿ, ಸುತ್ತಲೂ ಕಾವೇರಿ. 1799ರ ಮೇ 4ರಂದು ಬ್ರಿಟಿಷರು ಮಳೆಗಾಲಕ್ಕೆ ಹೊಳೆ ತುಂಬುವ ಮುಂಚೆಯೇ, ನೀರು ಕಮ್ಮಿ ಇದ್ದಾಗ, ನಡೆದುಕೊಂಡೇ ದಾಟಿ ಕೋಟೆಗೆ ನುಗ್ಗಿದರು. ಹಡಗೇ ಇಲ್ಲದ ಕಡೆಯೂ ನೀರಿಗೆ ಅಷ್ಟು ಬೆಲೆ ಇತ್ತು, ಅಲ್ವಾ?

ಹಾಗಾಗಿ ಇಳಿಯುವ ಜಾಗ ಎರಡು ಮೂರೇ ಇಡಿ. ಆ ಒಂದು ದಿನದ ನಷ್ಟ ತಪ್ಪಿಸುವ ಅಡ್ಮಿರಲ್ಸ್ ಹ್ಯಾಟ್ ಅನ್ನೋ ಮಾಯಾ ಟೋಪಿ ಮ್ಯಾಪ್‌ನಲ್ಲಿ ಕೊಡುವುದಾದರೆ ಗಟ್ಟಿ ಕಾವಲು ಹಾಕಿ.