ಗ್ಯಾರಂಟಿ ಕೊಡುವವರನ್ನು ಬಿಟ್ಟು ಬಲಪಂಥೀಯರಿಗೆ ನಮ್ಮಂಥ ಹುಡುಗರು ಯಾಕೆ ಓಟು ಹಾಕಬೇಕು?

ನೀವು ಕುಮಟಾದಿಂದ ಕೇಳಿದ್ದೀರಿ. ಡಿಗ್ರಿ ಮುಗಿದಿದೆ, ಕೆಲಸ ಹುಡುಕುತ್ತಿದ್ದೀರಿ, ವಿಧಾನಸಭೆಗೆ ಮೊದಲ ಸಲ ಓಟು ಹಾಕುವವರಿದ್ದೀರಿ. ಬಲಪಂಥ ಅಂದರೆ ಬರೀ ದೇವಸ್ಥಾನ, ಗೋವು, ಹಿಜಾಬ್ ಗಲಾಟೆ ಅಷ್ಟೇನಾ ಅಂತ ನಿಮ್ಮ ಪ್ರಶ್ನೆ. ಅಮ್ಮನ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಪಕ್ಷ ಬಿಟ್ಟು ಬೇರೆಯವರಿಗೆ ಯಾಕೆ ಹಾಕಬೇಕು ಅಂತಲೂ ಕೇಳಿದ್ದೀರಿ.

ನಾನು ಶಿರಸಿ ಬದಿಯವನು. ಅಡಿಕೆ ತೋಟ ಇದೆ, ಊರಿನ ಸಹಕಾರಿ ಸೊಸೈಟಿಯ ಸದಸ್ಯ, ಓಟು ಬಲಕ್ಕೆ. ಧರ್ಮದ ವಿಷಯ ನನಗೆ ಮುಖ್ಯವೇ, ಅದನ್ನು ಮುಚ್ಚಿಡುವುದಿಲ್ಲ. ದೇವಸ್ಥಾನದ ಆಡಳಿತ ಊರಿನ ಭಕ್ತರ ಕೈಯಲ್ಲೇ ಇರಬೇಕು ಅಂತ ನಂಬುವವನು ನಾನು. ಆದರೆ ಅದೊಂದಕ್ಕೇ ನಾನು ಈ ಕಡೆ ನಿಂತಿದ್ದಲ್ಲ. ಸರ್ಕಾರ ಖರ್ಚು ಮಾಡುವ ದುಡ್ಡಿಗೆ ಯಾರಾದರೂ ಲೆಕ್ಕ ಕೊಡಬೇಕು. ಆ ಲೆಕ್ಕ ಕೇಳುವ ಜಾಗ ನಮ್ಮ ಮನೆಗೆ ಹತ್ತಿರ ಇರಬೇಕು. ನನ್ನ ರಾಜಕೀಯ ಶುರುವಾಗುವುದೇ ಇಲ್ಲಿಂದ.

ಮೊದಲು ದುಡ್ಡಿನ ಮಾತು. 2025-26ರ ರಾಜ್ಯ ಬಜೆಟ್ ಗಾತ್ರ ಸುಮಾರು 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಕಾಂಗ್ರೆಸ್ ಸರ್ಕಾರದ ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ. ಅದೇ ವರ್ಷ ತರುವುದಾಗಿ ಹೇಳಿದ ಸಾಲ 1.16 ಲಕ್ಷ ಕೋಟಿ. ಅಂದರೆ ನೂರು ರೂಪಾಯಿ ಖರ್ಚು ಮಾಡಲು 28 ರೂಪಾಯಿ ಸಾಲ. ಈ ಸಾಲ ಪೂರ್ತಿ ಗ್ಯಾರಂಟಿಗೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬಲೂ ಬೇಡಿ. ರಸ್ತೆ, ನೀರಾವರಿ, ಹಳೇ ಸಾಲದ ಕಂತು, ಎಲ್ಲವೂ ಅದರಲ್ಲಿದೆ. ಆದರೆ ಅದನ್ನು ತೀರಿಸುವವರು ಯಾರು? ನನಗೆ ಐವತ್ತು ದಾಟಿದೆ. ತೀರಿಸುವವರು ನೀವು.

ನಮ್ಮ ಬದಿಯ ಸೊಪ್ಪಿನ ಬೆಟ್ಟ ನಿಮಗೆ ಗೊತ್ತಿರಬಹುದು. ತೋಟಕ್ಕೆ ಬೇಕಾದ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರಲು ಬ್ರಿಟಿಷರ ಕಾಲದಿಂದ ಬಂದ ಹಕ್ಕು ಅದು. ಮರ ನಮ್ಮದಲ್ಲ, ಸೊಪ್ಪಿನ ಮೇಲೆ ಮಾತ್ರ ಹಕ್ಕು. ಒಂದೇ ವರ್ಷ ಎಲ್ಲ ಕೊಂಬೆ ಸವರಿ ಹಾಕಿದರೆ ಆ ವರ್ಷ ಗೊಬ್ಬರ ಬೇಕಾದಷ್ಟು ಆಗುತ್ತದೆ. ಮುಂದಿನ ವರ್ಷ ಬೆಟ್ಟ ಬೋಳು. ರಾಜ್ಯದ ಸಾಲವನ್ನೂ ನಾನು ಹೀಗೇ ನೋಡುತ್ತೇನೆ.

ಹಾಗಂತ ಬಸ್ಸಿನಲ್ಲಿ ದುಡ್ಡು ಕೊಡದೆ ಹೋಗುವ ಹೆಂಗಸರನ್ನು ಹೀಯಾಳಿಸುವ ನಮ್ಮ ಕಡೆಯವರ ಮಾತು ನನಗೆ ಒಂದು ಚೂರೂ ಸೇರುವುದಿಲ್ಲ. ಕೂಲಿಗೆ ಬರುವ ಹೆಂಗಸು ಹಳ್ಳಿಯಿಂದ ಶಿರಸಿ ಆಸ್ಪತ್ರೆಗೆ ದುಡ್ಡಿಲ್ಲದೆ ಹೋಗಿ ಬರುತ್ತಾಳೆ, ಅದರಲ್ಲಿ ನಗುವುದಕ್ಕೆ ಏನಿದೆ? ನನ್ನ ತಕರಾರು ನಿಮ್ಮ ಹೆಸರಿನಲ್ಲಿ ಬಂದ ಯುವನಿಧಿ ಬಗ್ಗೆ. ಕೆಲಸ ಸಿಗದವರಿಗೆ ಕೊಡುವ ದುಡ್ಡು ಅದು: ಡಿಗ್ರಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಪೂರ್ತಿ ಸಿಕ್ಕರೂ ಡಿಗ್ರಿ ಆದವರಿಗೆ 72,000 ರೂಪಾಯಿ. ಆಮೇಲೆ? ಭಾನುವಾರ ಸಂಜೆ ಶಿರಸಿಯಿಂದ ಹೊರಡುವ ಬೆಂಗಳೂರು ಬಸ್ಸುಗಳನ್ನು ನೋಡಿ. ಕಿಟಕಿಯ ಪಕ್ಕ ಬ್ಯಾಗು ಮಡಿಲಲ್ಲಿಟ್ಟು ಕೂತಿರುವವರೆಲ್ಲ ನಿಮ್ಮ ವಯಸ್ಸಿನವರು. ಕೆಳಗೆ ಅಪ್ಪ ಅಮ್ಮ ನಿಂತಿರುತ್ತಾರೆ, ಕೈಯಲ್ಲಿ ಉಪ್ಪಿನಕಾಯಿ ಡಬ್ಬ. ಆ ಮಕ್ಕಳಲ್ಲಿ ಕಾಲು ಭಾಗ ಆದರೂ ಇಲ್ಲೇ ಉಳಿಯುವ ಹಾಗೆ ಮಾಡಲು ಯಾವ ಪಕ್ಷ ಏನು ಮಾಡುತ್ತದೆ ಅನ್ನುವುದೇ ನನಗೆ ದೊಡ್ಡ ಪ್ರಶ್ನೆ.

ಈಗ ನಮ್ಮವರ ವಿಷಯ. 2023ರ ಪ್ರಣಾಳಿಕೆಯಲ್ಲಿ ಬಿಜೆಪಿ ಏನು ಬರೆದಿತ್ತು ಗೊತ್ತಾ? ಬಿಪಿಎಲ್ ಮನೆಗಳಿಗೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು. ಒಂದು ಕೈಯಲ್ಲಿ ಬಿಟ್ಟಿ ಭಾಗ್ಯ ಅಂತ ಬೈಯುವುದು, ಇನ್ನೊಂದು ಕೈಯಲ್ಲಿ ಅದನ್ನೇ ಹಂಚುವುದು. ಇನ್ನೊಂದು ಕಡೆ, ದೇಶದಲ್ಲೇ ಮೊದಲು ಸಾಲಕ್ಕೆ ಕಡಿವಾಣ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. 2002ರಲ್ಲಿ, ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರ ಇದ್ದಾಗ. ಒಳ್ಳೆಯದನ್ನು ಯಾರು ಮಾಡಿದರೂ ಒಪ್ಪಿಕೊಳ್ಳಬೇಕು ಅಲ್ವಾ?

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಪಂಚಾಯತಿ ವಿಷಯ. ನಮ್ಮದೇ ಜಿಲ್ಲೆಯ, ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದರು. ಜನತಾ ಸರ್ಕಾರ, ಹೊರಗಿನಿಂದ ಬಿಜೆಪಿಯ 18 ಶಾಸಕರ ಬೆಂಬಲ. ಹೆಗಡೆಯವರೂ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರೂ ಸೇರಿ ಜಿಲ್ಲಾ ಪರಿಷತ್, ಮಂಡಲ ಪಂಚಾಯತಿ ತಂದರು. 1987ರ ಜನವರಿಯಲ್ಲಿ ಚುನಾವಣೆ ಆಯಿತು. ಊರಿನ ಬಾವಿ, ಶಾಲೆ, ರಸ್ತೆಯ ಮಾತು ಬೆಂಗಳೂರಿನಿಂದ ಕೆಳಗಿಳಿದು ಜಿಲ್ಲೆಗೆ ಬಂತು. ಬಾವಿ, ಬೋರು ತೋಡಿಸಿ ನಜೀರ್ ಸಾಬರಿಗೆ ‘ನೀರ್ ಸಾಬ್’ ಅಂತಲೇ ಹೆಸರು ಬಿತ್ತು. ಈ ಇಬ್ಬರಲ್ಲಿ ಯಾರೂ ಬಲಪಂಥೀಯರಲ್ಲ. ಆದರೂ ಅಧಿಕಾರ ಜನರ ಹತ್ತಿರ ಇರಬೇಕು ಅನ್ನುವ ನನ್ನ ನಂಬಿಕೆಗೆ ಇಡೀ ರಾಜ್ಯದಲ್ಲಿ ಅವರಷ್ಟು ದೊಡ್ಡ ಉದಾಹರಣೆ ಬೇರೆ ಇಲ್ಲ.

ಈಗ ಏನಾಗಿದೆ ನೋಡಿ. ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗೆ 2016ರಲ್ಲಿ ಚುನಾವಣೆ ಆಯಿತು. ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆ ಇಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ನೆಪ. ಶುರು ಮಾಡಿದ್ದು ಬಿಜೆಪಿ ಸರ್ಕಾರ, ಮುಂದುವರಿಸಿದ್ದು ಕಾಂಗ್ರೆಸ್ ಸರ್ಕಾರ. ನಿಮ್ಮ ವಯಸ್ಸಿನ ಯಾರೂ ಇಲ್ಲಿಯವರೆಗೆ ಈ ಎರಡಕ್ಕೆ ಒಂದು ಓಟೂ ಹಾಕಿಲ್ಲ. ಆ ಕುರ್ಚಿಗಳಲ್ಲಿ ನೀವು ಆರಿಸಿದವರ ಬದಲು ಆಡಳಿತಾಧಿಕಾರಿ ಕೂತಿದ್ದಾರೆ. ನಿಮ್ಮಿಂದ ಕಿತ್ತುಕೊಂಡ ಈ ಓಟಿನ ಬಗ್ಗೆ ನಿಮಗೆ ಸಿಟ್ಟು ಬರಬೇಕು.

ಲೆಕ್ಕ ಹತ್ತಿರದಲ್ಲಿದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ನೋಡಿದ್ದೇನೆ. ಸಭೆಗೆ ಮೊದಲೇ ಎಲ್ಲರ ಕೈಗೂ ಅಢಾವೆ ಪತ್ರಿಕೆ, ಅಂದರೆ ವರ್ಷದ ಲೆಕ್ಕಪತ್ರ, ಬಂದಿರುತ್ತದೆ. ಒಂದು ಸಲ ಹಿಂದೆ ಕೂತ ಅಜ್ಜ ಒಬ್ಬರು ಎದ್ದು ನಿಂತು, ಕನ್ನಡಕ ಸರಿ ಮಾಡಿಕೊಂಡು, ಸಾದಿಲ್ವಾರು (ಚಿಲ್ಲರೆ) ಖರ್ಚಿನ ಸಾಲಿನ ಮೇಲೆ ಬೆರಳಿಟ್ಟರು. ‘ಅಧ್ಯಕ್ಷರೇ, ಹೋದ ವರ್ಷಕ್ಕಿಂತ ಇದು ಎಂತಕ್ಕೆ ಇಷ್ಟು ಜಾಸ್ತಿ ಆತು?’ ಅಧ್ಯಕ್ಷರು ಕಾರ್ಯದರ್ಶಿ ಮುಖ ನೋಡಿದರು. ಒಳಗಿನಿಂದ ವೋಚರ್ ಫೈಲು ತರಿಸಿ, ಒಂದೊಂದನ್ನೇ ಓದಿ ಹೇಳಿದ ಮೇಲೆಯೇ ಸಭೆ ಮುಂದೆ ಹೋಗಿದ್ದು. ಅಷ್ಟೂ ಹೊತ್ತು ಅಜ್ಜ ಕೂತುಕೊಳ್ಳಲೇ ಇಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಶಿರಸಿಯ ಟಿಎಸ್‌ಎಸ್ ಶುರುವಾಗಿದ್ದು 1923ರಲ್ಲಿ. ಸ್ವಾತಂತ್ರ್ಯಕ್ಕಿಂತ ಮೊದಲೇ ಬೆಳೆಗಾರರು ಸೇರಿ, ದಲಾಲರನ್ನು ನಂಬಿ ಕೂರದೆ ತಾವೇ ಕಟ್ಟಿಕೊಂಡಿದ್ದು. ಇಂಥದ್ದನ್ನು ಕಟ್ಟುವುದು, ಕಟ್ಟಿದ್ದನ್ನು ಕಾಯುವುದು ನನ್ನ ಮಟ್ಟಿಗೆ ನಿಜವಾದ ಬಲಪಂಥ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಬದಿಯ ಹುಡುಗರು ಮರ ಅಪ್ಪಿಕೊಂಡು ಕಡಿಯುವುದನ್ನು ನಿಲ್ಲಿಸಿದರಲ್ಲ, ಅವರಿಗೂ ನಿಮ್ಮಷ್ಟೇ ವಯಸ್ಸು. ಅವರು ಯಾವ ಪಕ್ಷ ಅಂತ ನಾನು ಕೇಳಲು ಹೋಗುವುದಿಲ್ಲ. ಇದ್ದದ್ದನ್ನು ಉಳಿಸಿಕೊಂಡರು.

ಲೋಕಾಯುಕ್ತದ ಕಥೆಯೂ ಹೀಗೇ. ಹೆಗಡೆಯವರ ಕಾಲದಲ್ಲಿ, 1984ರಲ್ಲಿ ಕಾಯ್ದೆ ಆಯಿತು. 2010ರಲ್ಲಿ ಅಂಕೋಲಾದ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರು ಲಕ್ಷಗಟ್ಟಲೆ ಟನ್ ಮಾಯ ಆಯಿತು. ಆಗ ಇದ್ದದ್ದು ಬಿಜೆಪಿ ಸರ್ಕಾರ. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂದ ಮೇಲೆ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು. ಅಷ್ಟು ಶಕ್ತಿ ಇತ್ತು ಅದಕ್ಕೆ. 2016ರಲ್ಲಿ ಸಿದ್ದರಾಮಯ್ಯ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ ಆ ಶಕ್ತಿ ಕಿತ್ತುಕೊಂಡಿತು. ಆಮೇಲೆ ಬಂದ ಬಿಜೆಪಿಯೂ ಅದನ್ನು ವಾಪಸ್ ಕೊಡಲಿಲ್ಲ. 2022ರ ಆಗಸ್ಟಿನಲ್ಲಿ ಹೈಕೋರ್ಟೇ ಎಸಿಬಿಯನ್ನು ರದ್ದು ಮಾಡಬೇಕಾಯಿತು.

ಅದೇ 2022ರಲ್ಲಿ ನಮ್ಮ ಜಿಲ್ಲೆಯ ಹುಡುಗರು ‘ನೋ ಹಾಸ್ಪಿಟಲ್, ನೋ ವೋಟ್’ ಅಂತ ಎದ್ದು ನಿಂತಿದ್ದು ನಿಮಗೆ ನೆನಪಿರಬೇಕು. ಶಿರೂರು ಟೋಲ್ ಹತ್ತಿರ ಆಂಬುಲೆನ್ಸ್ ಮಗುಚಿ ಜೀವ ಹೋದ ಮೇಲೆ. ಈಗಲೂ ತಲೆಗೆ ಪೆಟ್ಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಬೇಡಿಕೆ ನೂರಕ್ಕೆ ನೂರು ಸರಿ. ಓಟು ಹಾಕುವುದಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಓಟು ಹಾಕದವನ ಮನೆಗೆ ಯಾವ ಅಭ್ಯರ್ಥಿಯೂ ಬರುವುದಿಲ್ಲ.

ನಿಮ್ಮ ಕುಮಟಾದಲ್ಲೇ 2023ರಲ್ಲಿ ಗೆದ್ದವರಿಗೂ ಎರಡನೆಯವರಿಗೂ 700 ಓಟಿನ ಅಂತರ ಇರಲಿಲ್ಲ. ಹಾಗಾಗಿ ಮುಂದಿನ ಸಲ ಯಾರೇ ಬಾಗಿಲಿಗೆ ಬಂದರೂ, ಕಮಲವೋ ಕೈಯೋ ತೆನೆ ಹೊತ್ತ ಮಹಿಳೆಯೋ, ಕೇಳಿ. ಜಿಲ್ಲಾ ಪಂಚಾಯತಿ ಚುನಾವಣೆ ಯಾವಾಗ? ಆಸ್ಪತ್ರೆಗೆ ಬಜೆಟ್ಟಿನಲ್ಲಿ ಎಷ್ಟು ಇಡಿಸುತ್ತೀರಿ? ಕೊಡುವೆ ಅಂದಿದ್ದಕ್ಕೆ ದುಡ್ಡು ಎಲ್ಲಿಂದ? ಸರಿಯಾಗಿ ಉತ್ತರ ಕೊಟ್ಟವರು ಬಲಪಂಥೀಯರಾಗಿದ್ದರೆ ನನಗೆ ಖುಷಿ. ಅವರಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅವರಿಗೆ ಹಾಕಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.